ಮೂವತ್ತು ಡಿಗ್ರಿ ದಾಟಿದ ಮೇಲೆ

ಫೆಬ್ರವರಿಯಲ್ಲಿ ನಾವು ನಾಲ್ವರು ಗುಲ್ಮಾರ್ಗ್‌ಗೆ ಹೋಗಿ ಬಂದೆವು ಅಂದ ಕೂಡಲೇ ಕಾಲೇಜಿನಲ್ಲಿ ಎಲ್ಲರೂ ಕೇಳೋದು ಒಂದೇ ಪ್ರಶ್ನೆ: "ಸ್ಕೀಯಿಂಗ್ ಮಾಡಿದ್ರಾ?" ಮಾಡಲಿಲ್ಲ. ನಾಲ್ಕು ದಿನ ಹಿಮದಲ್ಲಿ ಗುಂಡಿ ತೋಡಿದೆವು, ಯಾರೋ ಹೂತಿಟ್ಟ ಚೀಲಗಳನ್ನ ಹುಡುಕಿ ತೆಗೆದೆವು, ಇಳಿಜಾರು ಅಳೆದೆವು, ಸಂಜೆ ಬುಖಾರಿ ಒಲೆಯ ಸುತ್ತ ಕೂತು ಒಬ್ಬರ ಮೇಲೊಬ್ಬರು ರೇಗಾಡಿದೆವು. ಇನ್‌ಸ್ಟಾಗ್ರಾಂಗೆ ಹಾಕುವಂಥ ಫೋಟೋ ಒಂದೋ ಎರಡೋ ಇರಬಹುದು. ಮಿಕ್ಕಿದ್ದೆಲ್ಲ ಸಲಿಕೆ ಹಿಡಿದ ಬೆನ್ನುಗಳು.

ಮೊದಲು ಒಂದು ಪದದ ತಕರಾರು ಮುಗಿಸಿಬಿಡ್ತೀವಿ. ನಮ್ಮ ಪತ್ರಿಕೆ, ಟೀವಿಗಳಲ್ಲಿ ಆಕಾಶದಿಂದ ಹಿಮ ಬಿದ್ದರೂ 'ಹಿಮಪಾತ', ಬೆಟ್ಟದ ಮೇಲಿನ ಹಿಮ ಕಿತ್ತುಕೊಂಡು ಕೆಳಗೆ ನುಗ್ಗಿದರೂ 'ಹಿಮಪಾತ'. ಒಂದು ನೋಡೋಕೆ ಚೆಂದ, ಇನ್ನೊಂದು ಜನರನ್ನ ಕೊಲ್ಲುತ್ತೆ. ಎರಡಕ್ಕೂ ಒಂದೇ ಹೆಸರಾದರೆ ಹೇಗೆ? ಆದ್ದರಿಂದ ಈ ಬರಹದಲ್ಲಿ ಎರಡನೆಯದಕ್ಕೆ ಹಿಮಕುಸಿತ ಅಂತಲೇ ಬರೀತೀವಿ.

ಹಿಮವೇ ಬೀಳದ ಊರಿನವರಿಗೆ ಈ ಪಾಠ ಯಾಕೆ ಅಂದ್ರೆ, ನಮ್ಮ ಚಾರಣ ಬಳಗ ಪ್ರತಿ ವರ್ಷ ಎಕ್ಸಾಮ್ ಮುಗಿದ ಮೇಲಿನ ರಜೆಯಲ್ಲಿ ಜೂನಿಯರ್‌ಗಳನ್ನ ಹಿಮಾಲಯಕ್ಕೆ ಕರೆದುಕೊಂಡು ಹೋಗುತ್ತೆ. ಈ ಸಲ ಮಾರ್ಚ್ ಕೊನೆಯ ವಾರ, ಹಿಮಾಚಲದ ಒಂದು ಕಣಿವೆ, ಅದರ ತುದಿಗೊಂದು ಪಾಸ್. ಹೆಸರು ಕೊಟ್ಟವರು 24 ಮಂದಿ. ಜನವರಿಯಲ್ಲಿ ಒಬ್ಬ ಫಸ್ಟ್ ಇಯರ್ ಹುಡುಗನ ಅಪ್ಪ ಫೋನ್ ಮಾಡಿದರು. ಕುಂದಗೋಳ ತಾಲೂಕಿನ ಕಡೆಯವರು. ಫೋನ್ ಎತ್ತಿದ್ದು ನಮ್ಮ ಇ ಅಂಡ್ ಸಿ ಹುಡುಗಿ.

"ನಾ ಬ್ಯಾಡ ಅನ್ನಂಗಿಲ್ಲವಾ ತಂಗಿ. ಹುಡುಗ ಭಾಳ ಆಸೆ ಮಾಡ್ಯಾನ. ಒಂದ ಮಾತ ಕೇಳತೇನಿ. ಅಲ್ಲಿ ಹಿಮ ಮೈಮ್ಯಾಲೆ ಬಿತ್ತಂದ್ರ ತೆಗಿಯಾಕ ಯಾರ ಇರತಾರ?"

"ಗೈಡ್ ಇರ್ತಾರ್ರಿ ಕಾಕಾ."

"ಎಷ್ಟ ಮಂದಿ?"

"ಇಬ್ಬರು."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಬೆಟದೂರ ನಮಗ ದೂರ ಏನಿಲ್ಲವಾ. ಅದಕ್ಕ ಕೇಳಿದೆ" ಅಂದರು.

ಬೆಟದೂರು ಅಂದ್ರೆ ಧಾರವಾಡ ಜಿಲ್ಲೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಂ ಪೋಸ್ಟ್ ಮೇಲೆ ಹಿಮ ಕುಸಿಯಿತು. ಸುಮಾರು 19,600 ಅಡಿ ಎತ್ತರ. ಮದ್ರಾಸ್ ರೆಜಿಮೆಂಟಿನ 10 ಮಂದಿ ಅಡಿಯಲ್ಲಿ ಸಿಕ್ಕಿಕೊಂಡರು. ಅವರಲ್ಲಿ ಮೂವರು ಕರ್ನಾಟಕದವರು. ಆರು ದಿನ ಅಗೆದ ಮೇಲೆ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತ ಸಿಕ್ಕರು. ಆಗ ನಾವೆಲ್ಲ ಪ್ರೈಮರಿ ಶಾಲೆಯಲ್ಲಿದ್ದೆವು. ಪ್ರಾರ್ಥನೆಯಲ್ಲಿ ಅವರಿಗಾಗಿ ಕೈಮುಗಿದು ನಿಂತಿದ್ದು ನೆನಪಿದೆ. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಆ ಮನೆಗಳಿಂದ ಬರುವ ಪ್ರಶ್ನೆಗೆ 'ಗೈಡ್ ಇರ್ತಾರೆ' ಅನ್ನೋ ಉತ್ತರ ಸಾಕಾಗಲ್ಲ ಅಂತ ನಾಲ್ವರಿಗೂ ಅನ್ನಿಸಿತು. ಅವರ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕೋಕೇ ನಾವು ಗುಲ್ಮಾರ್ಗ್‌ಗೆ ಹೋಗಿದ್ದು.

ತರಬೇತಿ ಕೊಟ್ಟವರು ವರ್ಷಗಟ್ಟಲೆ ಅಫರ್ವತ್ ಬೆಟ್ಟದಲ್ಲಿ ಕೆಲಸ ಮಾಡಿದ ಕಾಶ್ಮೀರಿ. ಎಲ್ಲರೂ ಉಸ್ತಾದ್ ಅಂತಿದ್ದರು, ನಾವೂ ಹಾಗೇ ಕರೆದೆವು. ಮೊದಲ ದಿನ ಒಂದು ಮಾತು ಸ್ಪಷ್ಟ ಮಾಡಿದರು. ನಮ್ಮದು ಓಡಾಡಲು ಬರುವವರಿಗಿರುವ ಮೊದಲ ಹಂತ ಅಷ್ಟೇ. ಇದನ್ನೇ ಉದ್ಯೋಗ ಮಾಡಿಕೊಂಡವರ ತರಬೇತಿ ಬೇರೆ. ಸ್ಕೀ ಪೆಟ್ರೋಲ್‌ನವರು, ಗೈಡ್‌ಗಳು, ಗಡಿ ರಸ್ತೆ ತೆರವು ಮಾಡುವವರು, ಸೈನ್ಯದವರು ಅದನ್ನ ಕಲೀತಾರೆ. ಅವರು ದಿನಾ ಬೆಳಗ್ಗೆ ಹೊಸ ಹಿಮ ಎಷ್ಟು, ಗಾಳಿ ಯಾವ ಕಡೆಯಿಂದ, ಒಳಗಿನ ಪದರಗಳ ಉಷ್ಣತೆ ಎಷ್ಟು ಅಂತ ಎಲ್ಲರಿಗೂ ಅರ್ಥವಾಗುವ ಒಂದೇ ಪದ್ಧತಿಯಲ್ಲಿ ಬರೆದಿಡಬೇಕು. ಬೇಕಾದ ಕಡೆ ಸ್ಫೋಟಕ ಹಾಕಿ, ಜನ ಬರುವ ಮೊದಲೇ ಹಿಮವನ್ನ ಬೀಳಿಸಬೇಕು. ನಮ್ಮಲ್ಲಿ ಡಿಆರ್‌ಡಿಓದ ಚಂಡೀಗಢದ ಸಂಸ್ಥೆ ಚಳಿಗಾಲದಲ್ಲಿ ಹಿಮಕುಸಿತದ ಮುನ್ನೆಚ್ಚರಿಕೆ ಹೊರಡಿಸುತ್ತೆ. ಅದನ್ನ ಓದೋದು ಹೇಗೆ ಅನ್ನೋದೂ ಪಾಠದ ಭಾಗ.

ಹಿಮ ಕುಸಿಯೋದು ಯಾಕೆ? ದೋಸೆ ಹಿಟ್ಟಿನ ಥರ ಒಂದೇ ಹದದಲ್ಲಿ ಹಿಮ ಕೂತಿರಲ್ಲ. ಪ್ರತಿ ಬಿರುಗಾಳಿಗೂ ಒಂದೊಂದು ಪದರ. ಕೆಲವು ಗಟ್ಟಿ, ಕೆಲವು ಸಡಿಲ. ನೆಲದ ಹತ್ತಿರ ಹಿಮ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿರುತ್ತೆ, ಮೇಲಿನ ಗಾಳಿ ಮೈನಸ್ 15. ಈ ವ್ಯತ್ಯಾಸ ಜಾಸ್ತಿ ಇದ್ದಾಗ ಒಳಗಿನ ಆವಿ ಮೇಲಕ್ಕೆ ಹರಿದು, ಹಿಮದ ಕಣಗಳು ಒಂದಕ್ಕೊಂದು ಅಂಟದ ಹರಳುಗಳಾಗುತ್ತವೆ. ಕೈಯಲ್ಲಿ ಹಿಡಿದರೆ ಥೇಟ್ ಬನ್ಸಿ ರವೆ. ಬೆರಳ ಸಂದಿಯಿಂದ ಜಾರಿ ಹೋಗುತ್ತೆ. ಆ ರವೆಯ ಮೇಲೆ ಗಟ್ಟಿ ಹಿಮದ ಹಾಸು ಕೂತಿದ್ದರೆ, ಒಬ್ಬ ಮನುಷ್ಯನ ತೂಕ ಸಾಕು. ಒಂದು ಕಡೆ ಮುರಿದ ಬಿರುಕು ಅಡ್ಡಕ್ಕೆ ಓಡಿ, ಇಡೀ ಹಾಸು ಒಮ್ಮೆಲೇ ಕಿತ್ತುಕೊಂಡು ಬರುತ್ತೆ. ಹಿಮಕುಸಿತದಲ್ಲಿ ಸಿಕ್ಕಿಕೊಂಡವರ ಪೈಕಿ ಹತ್ತರಲ್ಲಿ ಸುಮಾರು ಒಂಬತ್ತು ಸಲ ಅದನ್ನ ಎಬ್ಬಿಸಿದ್ದು ಅವರೇ ಅಥವಾ ಅವರ ಜೊತೆಯವರೇ. ಬೆಟ್ಟ ತಾನಾಗಿ ಮೇಲೆ ಬಿದ್ದಿದ್ದು ಕಡಿಮೆ.

ನಮಗೆ ಹೆಚ್ಚು ತಟ್ಟಿದ್ದು ಕೋನದ ಲೆಕ್ಕ. ಇಂಥ ಹಾಸುಗಳು ಕಿತ್ತುಕೊಳ್ಳೋದು ಬಹುತೇಕ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಅದಕ್ಕಿಂತ ಕಡಿದಾದರೆ ಹಿಮ ನಿಲ್ಲದೆ ಆಗಾಗ ತಾನೇ ಉದುರಿ ಹೋಗುತ್ತೆ. ಕಡಿಮೆ ಇದ್ದರೆ ಸಾಮಾನ್ಯವಾಗಿ ಜಾರಲ್ಲ. 30 ಡಿಗ್ರಿ ಅಂದ್ರೆ ಪ್ರಪಾತ ಅಂದುಕೊಂಡ್ರಾ? ವಾಪಸ್ ಬಂದ ಮೇಲೆ ನಮ್ಮ ಸಿವಿಲ್ ಹುಡುಗಿ ಹಾಸ್ಟೆಲ್ ಮೆಟ್ಟಿಲು ಅಳೆದಳು. ಏರು 17 ಸೆಂಟಿಮೀಟರ್, ಅಗಲ 27. ಕೋನ 32 ಡಿಗ್ರಿ! ದಿನಾ ಚಪ್ಪಲಿ ಎಳೆದುಕೊಂಡು, ಫೋನ್ ನೋಡ್ತಾ ಮೆಸ್‌ಗೆ ಇಳಿಯೋ ಅದೇ ಇಳಿಜಾರು. ಕಣ್ಣಿಗೆ ಭಯ ಹುಟ್ಟಿಸದ ಜಾಗವೇ ಹೆಚ್ಚು ಅಪಾಯದ್ದು. ಅದಕ್ಕೇ ಕಣ್ಣಂದಾಜು ಬೇಡ, ಪ್ರತಿ ಸಲ ಅಳೆಯಿರಿ ಅಂತ ಉಸ್ತಾದ್ ಹೇಳ್ತಿದ್ದಿದ್ದು.

ಇನ್ನೊಂದು ವಿಷಯ, ನೀವು ಇಳಿಜಾರಿನ ಮೇಲೇ ಇರಬೇಕು ಅಂತಿಲ್ಲ. ಮೇಲಿನಿಂದ ಬಂದಿದ್ದು ಸಮತಟ್ಟಿನಲ್ಲೂ ಬಹಳ ದೂರ ಓಡುತ್ತೆ. 2025ರ ಫೆಬ್ರವರಿ 28ರಂದು ಬದರೀನಾಥದ ಹತ್ತಿರ ಮಾಣಾದಲ್ಲಿ ರಸ್ತೆ ಕೆಲಸಗಾರರ ಕ್ಯಾಂಪ್ ಮೇಲೆ ಹಿಮ ಬಂತು. ಸಿಕ್ಕಿಕೊಂಡವರು 54, ಬದುಕಿ ಬಂದವರು 46. ಅವರು ಯಾವ ಶಿಖರ ಏರೋಕೂ ಹೋದವರಲ್ಲ, ಕೂಲಿಗೆ ಹೋದವರು. ಚಾರಣ ಅಂದ್ರೆ ನಮಗೆ ಹವ್ಯಾಸ, ಬೇಡ ಅನಿಸಿದರೆ ಟಿಕೆಟ್ ಕ್ಯಾನ್ಸಲ್ ಮಾಡಿ ಮನೇಲಿ ಇರಬಹುದು. ಅವರಿಗೆ ಆ ಆಯ್ಕೆ ಎಲ್ಲಿದೆ? ಹಾಗಾಗಿ ಹಿಮಕುಸಿತದ ವೃತ್ತಿಪರ ತರಬೇತಿ ಮೊದಲು ಮುಟ್ಟಬೇಕಾದ್ದು ಕ್ಯಾಂಪ್ ಎಲ್ಲಿ ಹಾಕಬೇಕು ಅಂತ ನಿರ್ಧರಿಸುವವರಿಗೆ. ಇದು ನಮ್ಮ ಅಭಿಪ್ರಾಯ. ಸಿವಿಲ್ ಸಿಲಬಸ್‌ನಲ್ಲಿ ಭೂಕುಸಿತಕ್ಕೆ ಒಂದು ಅಧ್ಯಾಯ ಇದೆ, ಇದಕ್ಕೆ ಒಂದು ಪುಟವೂ ಇಲ್ಲ.

ಎರಡನೇ ದಿನ ಬೀಕನ್. ಇದು ನಮ್ಮ ಇ ಅಂಡ್ ಸಿ ಮಂದಿಗೆ ಹಬ್ಬ. ಅಂಗೈಯಷ್ಟು ದೊಡ್ಡ ಪೆಟ್ಟಿಗೆ, ಎದೆಗೆ ಪಟ್ಟಿ ಹಾಕಿ ಕಟ್ಟಿಕೊಳ್ಳೋದು. ನಡೆಯುವಾಗ ಎಲ್ಲರದ್ದೂ ಸಂಕೇತ ಕಳಿಸ್ತಾ ಇರುತ್ತೆ. ಯಾರಾದರೂ ಹೂತುಹೋದರೆ ಉಳಿದವರು ಹುಡುಕುವ ಮೋಡ್‌ಗೆ ತಿರುಗಿಸಬೇಕು. ಜಗತ್ತಿನಾದ್ಯಂತ ಒಂದೇ ಆವರ್ತನ, 457 ಕಿಲೋಹರ್ಟ್ಸ್. ಸೂಪರ್‌ಹೆಟ್ ರಿಸೀವರ್‌ನ ಐಎಫ್ 455 ಅಂತ ಉರು ಹೊಡೆದಿದ್ದೀವಲ್ಲ, ಅದರ ಪಕ್ಕದ ಮನೆ. ಧಾರವಾಡ ಆಕಾಶವಾಣಿ 765ರಲ್ಲಿ ಬರುತ್ತೆ, ಇದು ಅದಕ್ಕೂ ಕೆಳಗೆ. ತರಂಗದೂರ ಸುಮಾರು 656 ಮೀಟರ್. ನಾವು ಹುಡುಕೋದು 40-50 ಮೀಟರ್ ಒಳಗೆ. ಅಂದ್ರೆ ಪೂರ್ತಿ ನಿಯರ್ ಫೀಲ್ಡ್, ಹಿಡಿಯೋದು ಕಾಂತಕ್ಷೇತ್ರವನ್ನ. ಫೀಲ್ಡ್ ಥಿಯರಿ ಪೇಪರ್‌ನಲ್ಲಿ 38 ತಗೊಂಡ ನಮ್ಮವನಿಗೆ ಫ್ಲಕ್ಸ್ ರೇಖೆ ಅಂದ್ರೇನು ಅಂತ ಅವತ್ತು ಕಾಲಿಗೆ ಅರ್ಥ ಆಯ್ತು: ಬಾಣದ ಗುರುತು ನಿಮ್ಮನ್ನ ನೇರವಾಗಿ ಕರೆದುಕೊಂಡು ಹೋಗಲ್ಲ, ಬಾಳೆಹಣ್ಣಿನ ಹಾಗೆ ಬಾಗಿದ ದಾರಿಯಲ್ಲಿ ನಡೆಸುತ್ತೆ. ತೆರೆ ಮೇಲೆ ಕಾಣುವ ಅಂಕಿ ಕೂಡ ಆ ಬಾಗಿದ ದಾರಿಯದ್ದು. ಮೊಬೈಲ್ ಹತ್ತಿರ ಇದ್ದರೆ ಗಲಿಬಿಲಿ ಆಗುತ್ತೆ, ಹುಡುಕುವಾಗ ಅರ್ಧ ಮೀಟರ್ ದೂರ ಇಡಬೇಕು.

ಹತ್ತಿರ ಬಂದ ಮೇಲೆ ಬೀಕನ್ನನ್ನ ಹಿಮಕ್ಕೆ ತಾಗಿಸಿ ಉದ್ದಕ್ಕೂ ಅಡ್ಡಕ್ಕೂ ಸರಿಸಿ, ಅತಿ ಕಡಿಮೆ ಅಂಕಿ ಬಂದ ಕಡೆಯಿಂದ ಪ್ರೋಬ್ ಚುಚ್ಚುತ್ತಾ ಹೋಗಬೇಕು. ಅದು ಟೆಂಟ್ ಕಂಬಿಯ ಥರ ಮಡಚುವ ಉದ್ದನೆ ಕೋಲು. 25 ಸೆಂಟಿಮೀಟರಿಗೊಂದು ಚುಚ್ಚು, ಸುರುಳಿಯಾಗಿ. ಮೆತ್ತಗೆ ತಾಗಿತಾ? ಕೋಲು ಅಲ್ಲೇ ಬಿಟ್ಟು, ಕೆಳಬದಿಯಿಂದ ಅಗೆಯೋಕೆ ಶುರು. ಹೊಸ ಹಿಮ ಹತ್ತಿ ಥರ ಹಗುರ, ಸರಿ. ಆದರೆ ಕುಸಿದು ನಿಂತ ಹಿಮ ಕ್ಷಣಾರ್ಧದಲ್ಲಿ ಗಾರೆಯ ಹಾಗೆ ಬಿಗಿಯುತ್ತೆ. ಒಂದು ಮೀಟರ್ ಆಳದಲ್ಲಿರುವ ಮನುಷ್ಯನನ್ನ ತೆಗೆಯೋಕೆ ಒಂದು ಟನ್‌ಗೂ ಹೆಚ್ಚು ಹಿಮ ಎತ್ತಿ ಹಾಕಬೇಕು. ಒಬ್ಬರ ಹಿಂದೆ ಒಬ್ಬರು ವಿ ಆಕಾರದಲ್ಲಿ ನಿಂತು, ಮುಂದಿನವರು ಕಡಿದಿದ್ದನ್ನ ಹಿಂದಿನವರು ದೂಡುತ್ತಾ, ನಿಮಿಷಕ್ಕೊಮ್ಮೆ ಜಾಗ ಬದಲಾಯಿಸಬೇಕು. ಸಿಗ್ನಲ್ ಹುಡುಕೋದಕ್ಕಿಂತ ಅಗೆಯೋಕೇ ಜಾಸ್ತಿ ಹೊತ್ತು ಹಿಡಿಯುತ್ತೆ. ಇದು ಗೊತ್ತಿಲ್ಲದವರು ಬೀಕನ್‌ಗೆ ದುಡ್ಡು ಸುರಿದು ಪ್ಲಾಸ್ಟಿಕ್ ಸಲಿಕೆ ತಗೋತಾರಂತೆ.

ಇಷ್ಟೆಲ್ಲ ಅವಸರ ಯಾಕೆ ಅಂದ್ರೆ, ಮೊದಲ 10-15 ನಿಮಿಷದೊಳಗೆ ಹೊರಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕ್ತಾರೆ. ಅರ್ಧ ಗಂಟೆ ದಾಟಿದರೆ ಮೂವರಲ್ಲಿ ಒಬ್ಬರು. ಉಸಿರಿಗೆ ಜಾಗ ಇರಲ್ಲ, ಬಿಟ್ಟ ಉಸಿರೇ ಮುಖದ ಮುಂದೆ ಮಂಜುಗಡ್ಡೆಯಾಗಿ ಮುಚ್ಚಿಕೊಳ್ಳುತ್ತೆ. ಆರು ದಿನ ಬದುಕಿದ್ದ ಹನುಮಂತಪ್ಪನವರದ್ದು ಕೋಟಿಗೊಂದು ಪವಾಡ. ಹೆಲಿಕಾಪ್ಟರ್, ಸೈನ್ಯ, ಎಸ್‌ಡಿಆರ್‌ಎಫ್ ಎಷ್ಟೇ ಬೇಗ ಹೊರಟರೂ 15 ನಿಮಿಷದಲ್ಲಿ ಯಾವ ಕಣಿವೆಗೆ ಬಂದಾರು?

ಅಲ್ಲಿಗೆ ಕಾಕಾ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು. ತೆಗೆಯೋಕೆ ಯಾರಿರ್ತಾರೆ? ಹುಡುಗನ ಹಿಂದೆ ಮುಂದೆ ನಡೀತಿರೋ ಅವನ ಕ್ಲಾಸ್‌ಮೇಟ್‌ಗಳು ಇರ್ತಾರೆ. ಬೇರೆ ಯಾರೂ ಇರಲ್ಲ.

ಕಲಿತವರಿಗೆ ಏನೂ ಆಗಲ್ಲ ಅಂತ ಅಲ್ಲ. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ಡಾಂಡಾ-2 ಶಿಖರದಲ್ಲಿ ಹಿಮ ಕುಸಿದಾಗ ಅದರಡಿ ಸಿಕ್ಕವರು ಪರ್ವತಾರೋಹಣದ ಮುಂದುವರಿದ ಕೋರ್ಸ್‌ನಲ್ಲಿದ್ದವರು. 27 ದೇಹಗಳು ಸಿಕ್ಕವು, ಇಬ್ಬರು ಸಿಗಲೇ ಇಲ್ಲ. ಬೆಂಗಳೂರಿನವರೂ ಇದ್ದರು. ತರಬೇತುದಾರರಲ್ಲಿ ಸವಿತಾ ಕಂಸ್ವಾಲ್ ಇದ್ದರು. ಅದೇ ವರ್ಷದ ಮೇ ತಿಂಗಳಲ್ಲಿ 16 ದಿನದೊಳಗೆ ಎವರೆಸ್ಟ್ ಮತ್ತು ಮಕಾಲು ಎರಡನ್ನೂ ಹತ್ತಿದ್ದವರು. ಉಸ್ತಾದ್ ಈ ಘಟನೆ ಹೇಳುವಾಗ ಯಾರ ತಪ್ಪು ಅಂತ ಒಂದು ಮಾತೂ ಆಡಲಿಲ್ಲ. ಸುಮ್ಮನೆ ಹೇಳಿ, ಚಹಾ ಮುಗಿಸಿ, ನಮ್ಮನ್ನ ಹೊರಗೆ ಕರೆದುಕೊಂಡು ಹೋಗಿ ಇನ್ನೊಂದು ಗುಂಡಿ ತೋಡಿಸಿದರು. ಕಂಬದ ಹಾಗೆ ಕಡಿದು ನಿಲ್ಲಿಸಿದ ಹಿಮದ ಮೇಲೆ ಸಲಿಕೆ ಇಟ್ಟು, ಮಣಿಕಟ್ಟಿನಿಂದ 10 ಸಲ, ಮೊಣಕೈಯಿಂದ 10, ಭುಜದಿಂದ 10 ಸಲ ತಟ್ಟೋದು. ಎಷ್ಟನೇ ತಟ್ಟಿಗೆ ಯಾವ ಪದರ ಜಾರಿತು ಅಂತ ಬರೆಯೋದು. ನಮ್ಮದು 13ನೇ ತಟ್ಟಿಗೆ ಜಾರಿತು. ಡ್ರಾಯರ್ ಎಳೆದ ಹಾಗೆ ನುಣ್ಣಗೆ ಮುಂದಕ್ಕೆ ಬಂತು. ಯಾರೂ ಮಾತಾಡಲಿಲ್ಲ.

ಮೂರನೇ ದಿನದ ಪಾಠ ಹಿಮದ ಬಗ್ಗೆ ಅಲ್ಲವೇ ಅಲ್ಲ, ಮನುಷ್ಯರ ಬಗ್ಗೆ. ಇಯಾನ್ ಮೆಕ್ಯಾಮನ್ ಎಂಬುವರು ಅಮೆರಿಕದ 700ಕ್ಕೂ ಹೆಚ್ಚು ಹಿಮಕುಸಿತದ ಅಪಘಾತಗಳನ್ನ ಅಧ್ಯಯನ ಮಾಡಿ, ಗೊತ್ತಿದ್ದವರೂ ಯಾಕೆ ಸಿಕ್ಕಿಬೀಳ್ತಾರೆ ಅಂತ ನೋಡಿದ್ದಾರೆ. ಪರಿಚಯದ ಜಾಗ ಅನ್ನೋ ಧೈರ್ಯ, ಇಷ್ಟು ದೂರ ಬಂದಿದ್ದೀವಲ್ಲ ಅನ್ನೋ ಹಟ, ಬೇರೆಯವರು ಆಗಲೇ ಹೋಗಿದ್ದಾರೆ ಅನ್ನೋ ಸಮಾಧಾನ, ಮುಂದಿರುವವನಿಗೆ ಎಲ್ಲ ಗೊತ್ತಿದೆ ಅನ್ನೋ ನಂಬಿಕೆ. ಓದುವಾಗ ಇವೆಲ್ಲ ನಮ್ಮ ಪ್ರಾಜೆಕ್ಟ್ ಗ್ರೂಪ್‌ಗಳ ಜಾತಕ ಅನ್ನಿಸಿತು.

ನಮ್ಮ ಮೆಕ್ಯಾನಿಕಲ್ ಗೆಳೆಯ ಇಲ್ಲೇ ಜಗಳ ತೆಗೆದ. "ಹುಬ್ಬಳ್ಳಿ-ಧಾರವಾಡ ರೋಡ್‌ನಲ್ಲಿ ರಾತ್ರಿ ಬೈಕ್ ಓಡಿಸೋದು ಇದಕ್ಕಿಂತ ಡೇಂಜರ್. ಅದನ್ನ ಯಾರಾದ್ರೂ ನಿಲ್ಸಿದ್ದೀರಾ?" ಮಾತು ತೆಗೆದುಹಾಕುವಂಥದ್ದಲ್ಲ. ಉಸ್ತಾದ್ ಕೊಟ್ಟ ಉತ್ತರ ಹೀಗಿತ್ತು: ಬೈಕ್ ಓಡಿಸುವಾಗ ದಿನಾ ಒಂದಲ್ಲ ಒಂದು ಸಣ್ಣ ಎಚ್ಚರಿಕೆ ಸಿಗುತ್ತೆ. ಬ್ರೇಕ್ ಜಾರುತ್ತೆ, ನಾಯಿ ಅಡ್ಡ ಬರುತ್ತೆ, ಅದರಿಂದ ಕಲೀತೀರಿ. ಇಳಿಜಾರು ಹಾಗಲ್ಲ. ಹತ್ತು ಸಲ ದಾಟಿದಾಗ ಏನೂ ಆಗದಿದ್ದರೆ ಅದು ನಿಮ್ಮ ಜಾಣತನವೋ ಅದೃಷ್ಟವೋ ಅಂತ ಬೆಟ್ಟ ಹೇಳಲ್ಲ. ಹನ್ನೊಂದನೇ ಸಲಕ್ಕೂ ಹಾಗೇ ಹೋಗ್ತೀರಿ. ಗೆಳೆಯ ಪೂರ್ತಿ ಒಪ್ಪಲಿಲ್ಲ. ಇವತ್ತಿಗೂ ಒಪ್ಪಿಲ್ಲ, ಈ ಸಾಲು ಬರೆಯುವಾಗಲೂ ಪಕ್ಕದಲ್ಲಿ ಕೂತು ಗೊಣಗ್ತಿದ್ದಾನೆ.

ವಾಪಸ್ ಬಂದ ವಾರವೇ ಉಪಗ್ರಹದ ಎತ್ತರದ ಡೇಟಾ ಇಳಿಸಿಕೊಂಡು, ಲ್ಯಾಬ್‌ನಲ್ಲಿ ಕ್ಯೂಜಿಐಎಸ್ ತೆರೆದು, ನಮ್ಮ ಮಾರ್ಚ್ ಚಾರಣದ ದಾರಿಗೆ ಇಳಿಜಾರಿನ ನಕ್ಷೆ ಮಾಡಿದೆವು. 30 ಡಿಗ್ರಿ ದಾಟಿದ್ದಕ್ಕೆಲ್ಲ ಕೆಂಪು ಬಣ್ಣ. ಎರಡನೇ ಕ್ಯಾಂಪ್‌ವರೆಗೆ ಕಾಡು, ಬಯಲು, ಹಸಿರು. ಅಲ್ಲಿಂದ ಪಾಸ್‌ಗೆ ಹೋಗುವ ದಾರಿ ಮಾತ್ರ ಒಂದು ಕಿಲೋಮೀಟರಿಗೂ ಹೆಚ್ಚು ದೂರ ಕೆಂಪಿನ ಕೆಳಗೇ ಸಾಗುತ್ತೆ. ಆ ಡೇಟಾದಲ್ಲಿ ಒಂದು ಚೌಕ ಅಂದ್ರೆ 30 ಮೀಟರ್, ಅದರೊಳಗಿನ ಏರಿಳಿತ ಸರಾಸರಿಯಲ್ಲಿ ಮುಚ್ಚಿಹೋಗುತ್ತೆ. ನಿಜವಾದ ಇಳಿಜಾರು ಇನ್ನೂ ಕಡಿದಾಗಿರಬಹುದು. ಮೇಲಾಗಿ ಮಾರ್ಚ್ ಕೊನೆಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಹಿಮ ನೆನೆದು ಭಾರವಾಗುತ್ತೆ. 24 ಮಂದಿಯ ಸಾಲು ಬೆಳಗಿನ ಜಾವ ಹೊರಟರೂ ಬಿಸಿಲೇರೋದರೊಳಗೆ ಆ ಕೆಂಪು ದಾಟಿ, ಅದೇ ದಾರಿಯಲ್ಲಿ ವಾಪಸ್ ಬರೋದು ಕಷ್ಟ.

ಪಾಸ್ ಕೈಬಿಟ್ಟೆವು. ಉಸ್ತಾದ್ ಕಲಿಸಿದ ನಿಯಮದ ಪ್ರಕಾರ ಬಹುಮತ ನಡೆಯಲ್ಲ, ಒಬ್ಬರು 'ಬೇಡ' ಅಂದ್ರೂ ಮುಗೀತು, ಕಾರಣ ಕೇಳೋ ಹಾಗಿಲ್ಲ. ನಾಲ್ವರಲ್ಲಿ ಮೂವರು ಬೇಡ ಅಂದಿದ್ದರಿಂದ ನಿಯಮ ಬಳಸುವ ಅಗತ್ಯವೂ ಬೀಳಲಿಲ್ಲ. ಈಗ ಎರಡನೇ ಕ್ಯಾಂಪ್‌ನಲ್ಲೇ ಮೂರು ರಾತ್ರಿ, ಸುತ್ತಲಿನ ಕಾಡಿನ ದಿಣ್ಣೆಗಳಲ್ಲಿ ಓಡಾಟ. ವಿಷಯ ಗ್ರೂಪ್‌ಗೆ ಹಾಕಿದ ಸಂಜೆಯೇ ಎಂಟು ಮಂದಿ ಹೆಸರು ವಾಪಸ್ ತಗೊಂಡರು. "ಪಾಸ್ ಇಲ್ದೆ ಇದೆಂಥ ಟ್ರೆಕ್ಕು, ಪಿಕ್ನಿಕ್ಕು" ಅಂತ ಒಬ್ಬ ಬರೆದ. ಅದಕ್ಕೆ ಹನ್ನೊಂದು ನಗೋ ಇಮೋಜಿ. ಅಡ್ವಾನ್ಸ್ ಕೊಟ್ಟ ದುಡ್ಡಿನಲ್ಲಿ ಅರ್ಧ ಹೋಯ್ತು. ಅದನ್ನ ತುಂಬಿಸೋದು ಹೇಗೆ ಅಂತ ಬಳಗದಲ್ಲಿ ಇನ್ನೂ ಲೆಕ್ಕ ನಡೀತಿದೆ. ಕಾಕಾನಿಗೆ ಫೋನ್ ಮಾಡಿ ಎಲ್ಲ ಹೇಳಿದೆವು. ಅವರ ಮಗ ಬರ್ತಿದ್ದಾನೆ.

ಉಳಿದಿರೋದು 16 ಮಂದಿ. ನಮಗೆ ಈಗ ಹಿಮಕ್ಕಿಂತ ಹೆಚ್ಚು ತಲೆ ತಿನ್ನುತ್ತಿರೋದು ಆ ಒಬ್ಬರ 'ಬೇಡ'ದ ನಿಯಮ. ಗುಲ್ಮಾರ್ಗ್‌ನಲ್ಲಿ ಸಮವಯಸ್ಕರಾದ ನಾವು ನಾಲ್ವರೇ ಇದ್ದೆವು, ಬೇಡ ಅನ್ನೋದು ಸುಲಭ. ಆದರೆ ಕಾಲೇಜಿಗೆ ಬಂದು ಆರು ತಿಂಗಳಾದ ಹುಡುಗ ಫೈನಲ್ ಇಯರ್‌ನವರ ಎದುರು ನಿಂತು, "ಅಣ್ಣಾ, ನಂಗೆ ಇದು ಸರಿ ಕಾಣ್ತಿಲ್ಲ" ಅಂತಾನಾ? ಕ್ಯಾಂಟೀನಿನಲ್ಲಿ ನಾವು ಬಂದರೆ ಬೆಂಚು ಬಿಟ್ಟು ಏಳೋ ಮಕ್ಕಳು ಇವರು. ಮೆಕ್ಯಾಮನ್ ಹೇಳಿದ 'ಎಲ್ಲ ಗೊತ್ತಿರುವ ಮುಂದಾಳು' ಇವರ ಪಾಲಿಗೆ ನಾವೇ.

ಆದ್ದರಿಂದ ಎರಡು ವಾರದಿಂದ ಪ್ರತಿ ಶನಿವಾರ ಸಂಜೆ ಮೈದಾನದಲ್ಲಿ ತಾಲೀಮು ಇಟ್ಟಿದ್ದೀವಿ. ಉಸ್ತಾದ್ ಹತ್ರ ಎರಡು ಹಳೇ ಬೀಕನ್ ಕೊಂಡು ತಂದಿದ್ವಿ. ಒಂದನ್ನ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಲಾಂಗ್ ಜಂಪ್ ಮರಳಿನಲ್ಲಿ ಹೂಳ್ತೀವಿ, ಇನ್ನೊಂದನ್ನ ಹಿಡಿದು 40 ಮೀಟರ್ ಆಚೆಯಿಂದ ಹುಡುಕಿಕೊಂಡು ಬರಬೇಕು. ಸಲಿಕೆ, ಪುಟ್ಟಿ ನಮ್ಮ ಮಾಲಿಯಣ್ಣನದ್ದು. ಮೊದಲ ವಾರ ಸರಾಸರಿ 11 ನಿಮಿಷ, ಹೋದ ವಾರ 6. ಎಲ್ಲರಿಗಿಂತ ವೇಗ ಒಬ್ಬ ಫಸ್ಟ್ ಇಯರ್ ಹುಡುಗಿ, 3 ನಿಮಿಷ 50 ಸೆಕೆಂಡ್. ಅವಳೇ ಈಗ ಹುಡುಕಾಟದ ಮುಂದಾಳು, ನಾವು ಅವಳು ಹೇಳಿದ ಕಡೆ ಅಗೆಯುವವರು.

ಪ್ರತಿ ತಾಲೀಮಿನಲ್ಲೂ ನಾವು ಬೇಕಂತಲೇ ಒಂದು ಕೆಟ್ಟ ನಿರ್ಧಾರ ಹೇಳ್ತೀವಿ. 'ಹೊತ್ತಾಯ್ತು, ಎಲ್ಲರೂ ಒಟ್ಟಿಗೇ ದಾಟೋಣ' ಅಂತಲೋ, 'ಬೀಕನ್ ಚೆಕ್ ಮಾಡೋದು ಬೇಡ ಬಿಡ್ರೋ' ಅಂತಲೋ. ಯಾರಾದರೂ ತಡೀತಾರಾ ಅಂತ ಕಾಯ್ತೀವಿ. ಮೊದಲ ಶನಿವಾರ ಯಾರೂ ತಡೆಯಲಿಲ್ಲ. ಹೋದ ಶನಿವಾರ ಕುಂದಗೋಳದ ಹುಡುಗ ಬಾಯಿ ತೆರೆದು, ನಮ್ಮ ಮುಖ ನೋಡಿ, ಮತ್ತೆ ಮುಚ್ಚಿಕೊಂಡ. ಹೊರಡೋಕೆ ಇನ್ನು ಎರಡು ಶನಿವಾರ ಇವೆ. ಸಂಜೆ ನಾಲ್ಕೂವರೆಗೆ, ಬ್ಯಾಡ್ಮಿಂಟನ್ ಕೋರ್ಟ್ ಹಿಂದೆ. ಟ್ರೆಕ್‌ಗೆ ಬರದವರೂ ಬರಬಹುದು, ಅಗೆಯೋಕೆ ಕೈ ಸಾಲ್ತಿಲ್ಲ.